ಹಂಗಿಸಬೇಡಿ, ಹಗ್ಗ ಕೊಡಿ

ನಿಮ್ಮ ಮನೆಯಲ್ಲಿ ಹದಿಹರೆಯದ ಸ್ಥೂಲಕಾಯದ ಮಗುವಿದೆಯೇ? ಹಾಗಿದ್ದರೆ ನಂಟರ ಮುಂದೆ ಅದನ್ನು 'ಡುಮ್ಮ', 'ಡುಮ್ಮಿ' ಎಂದು ಕರೆದು ನಗುವುದನ್ನು ಇಂದೇ ನಿಲ್ಲಿಸಿರಿ. ಹಂಗಿಸಿದರೆ ಮೈ ಕರಗದು, ಮನಸ್ಸು ಕುಗ್ಗುತ್ತದೆ. ಕುಗ್ಗಿದ ಮಗು ಆಟದ ಬಯಲನ್ನೇ ತೊರೆಯುತ್ತದೆ.

ಬದಲಿಗೆ ಒಂದು ಸ್ಕಿಪ್ಪಿಂಗ್ ಹಗ್ಗ ತಂದುಕೊಡಿರಿ. ಹಗ್ಗ ಜಿಗಿಯುವಾಗ ಕಾಲು, ತೋಳುಗಳು ಒಟ್ಟಿಗೆ ದುಡಿಯುತ್ತವೆ. ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ನಿತ್ಯದ ಅಭ್ಯಾಸದಿಂದ ಹೃದಯ ಬಲಗೊಳ್ಳುತ್ತದೆ. ತೂಕ ಕೂಡಲೇ ಇಳಿಯದಿದ್ದರೂ ಈ ಲಾಭ ತಪ್ಪದು. ಆದ್ದರಿಂದ ತೂಕದ ಯಂತ್ರ ನೋಡಿ ನಿರಾಶರಾಗಬೇಡಿರಿ.

ಆದರೆ ಕ್ರಮ ತಿಳಿದಿರಲಿ. ಹಗ್ಗದ ನಡುವನ್ನು ಮೆಟ್ಟಿ ನಿಂತಾಗ ಅದರ ಹಿಡಿಗಳು ಕಂಕುಳಿನವರೆಗೆ ಬರಬೇಕು. ಸಿಮೆಂಟಿಗಿಂತ ಮಣ್ಣಿನ ನೆಲ ಒಳ್ಳೆಯದು. ಕಾಲಿಗೆ ಬೂಟು ಇರಲಿ. ಒಂದು ಅಂಗುಲ ಎತ್ತರ ಜಿಗಿದರೆ ಸಾಕು. ಮೊದಮೊದಲು 20 ಸೆಕೆಂಡು ಜಿಗಿತ, ಉಸಿರು ಹದಕ್ಕೆ ಬರುವ ತನಕ ವಿಶ್ರಾಂತಿ. ಹೀಗೆ ಐದಾರು ಸಲ.

ತೊಡೆಸಂದು, ತೊಡೆ ಅಥವಾ ಮೊಣಕಾಲು ನೋಯುತ್ತದೆಂದು ಮಗು ಹೇಳಿದರೆ, ಕುಂಟಿದರೆ, ಅದನ್ನು ಸೋಮಾರಿತನದ ನೆಪವೆಂದು ಗದರಿಸಬೇಡಿರಿ. ಈ ವಯಸ್ಸಿನ ಭಾರವಾದ ಮಕ್ಕಳಲ್ಲಿ ತೊಡೆಮೂಳೆಯ ತಲೆಭಾಗ ಜಾರುವ ಕಾಯಿಲೆಯುಂಟು. ಜಿಗಿತ ನಿಲ್ಲಿಸಿ ಕೂಡಲೇ ವೈದ್ಯರಿಗೆ ತೋರಿಸಿರಿ.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಹಗ್ಗ ಅದರ ಒಂದು ಪಾಲು ಮಾತ್ರ. ನಡಿಗೆ, ಹಿತಮಿತವಾದ ಊಟ, ಸಾಕಷ್ಟು ನಿದ್ದೆಯೂ ಬೇಕು.

ಮಗುವನ್ನು ಅಂಗಳಕ್ಕೆ ಅಟ್ಟಿ ನೀವು ಕರಿದ ತಿಂಡಿ ಹಿಡಿದು ಟಿ.ವಿ. ಮುಂದೆ ಕುಳಿತರೆ ಹಗ್ಗವೂ ಶಿಕ್ಷೆಯಾದೀತು. ಪಕ್ಕದಲ್ಲಿ ನಿಂತು ಎಣಿಸಿರಿ. ಆದರೆ ನೀವೂ ನಾಲ್ಕು ಸಲ ಜಿಗಿಯಿರಿ.