ತೈಲ ಕಂಪನಿಗೆ ಇಂಗಾಲದ ಮೇಲೆ ಯಾಕಿಷ್ಟು ಪ್ರೀತಿ? ಕ್ರೆಡಿಟ್ ಒಪ್ಪಂದಕ್ಕೆ ಮುನ್ನ ಒಂದು ಲೆಕ್ಕ



ಮರ ಬೆಳೆಸಿ, ಮಣ್ಣಲ್ಲಿ ಇಂಗಾಲ ಹೆಚ್ಚಿಸಿ, ಕಾರ್ಬನ್ ಕ್ರೆಡಿಟ್ ದುಡ್ಡು ಕೊಡಿಸ್ತೀವಿ ಅನ್ನುವವರು ಈಗ ನಮ್ಮ ಹಳ್ಳಿಗಳಿಗೂ ಬರ್ತಿದ್ದಾರೆ. "ಸಹಿ ಹಾಕಬಹುದಾ ಸರ್?" ಅಂತ ಕೇಳುವವರಿಗೆ ನಾನು ಹೇಳೋದು ಇಷ್ಟೇ: ಅಡಿಕೆ ಮಾರುವಾಗ ವ್ಯಾಪಾರಿಯ ಲೆಕ್ಕ ತಿಳಿದಿರಬೇಕಲ್ಲ, ಇಲ್ಲೂ ಹಾಗೇ. ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ತೆಗೆಯುವ ಕೆಲಸಕ್ಕೆ ಬಂಡವಾಳ ಹಾಕಿದವರಲ್ಲಿ ತೈಲ ಕಂಪನಿಗಳೂ ಇವೆ. ಹೊಗೆಗೆ ಕಾರಣವಾದ ಸರಕು ಮಾರುವವರಿಗೇ ಈ ಆಸಕ್ತಿ ಯಾಕೆ? ಅಮೆರಿಕದ ಒಂದು ಉದಾಹರಣೆ ನೋಡೋಣ.

ಆಕ್ಸಿಡೆಂಟಲ್ ಪೆಟ್ರೋಲಿಯಂ ಕಂಪನಿಯು 2023ರಲ್ಲಿ ಕೆನಡಾದ ಕಾರ್ಬನ್ ಎಂಜಿನಿಯರಿಂಗ್ ಸಂಸ್ಥೆಯನ್ನು 110 ಕೋಟಿ ಡಾಲರಿಗೆ ಕೊಂಡಿತು. ಅದರ ತಂತ್ರಜ್ಞಾನದಿಂದ ಪಶ್ಚಿಮ ಟೆಕ್ಸಸ್‌ನಲ್ಲಿ 'ಸ್ಟ್ರಾಟೋಸ್' ಎಂಬ ಘಟಕ ಕಟ್ಟಿದೆ. ಸಾಮರ್ಥ್ಯ ವರ್ಷಕ್ಕೆ 5 ಲಕ್ಷ ಟನ್.

ಲಾಭ ಎಲ್ಲಿಂದ?

1. ತೆರಿಗೆ ರಿಯಾಯಿತಿ: ಗಾಳಿಯಿಂದ ಹೀರಿ ಭೂಮಿಯಾಳದಲ್ಲಿ ಹೂತರೆ ಟನ್ನಿಗೆ 180 ಡಾಲರ್ ತನಕ ರಿಯಾಯಿತಿ ಅಂತ ಅಮೆರಿಕ 2022ರಲ್ಲಿ ಕಾನೂನು ಮಾಡಿತು. ನಮ್ಮ ದುಡ್ಡಲ್ಲಿ 15 ಸಾವಿರ ರೂಪಾಯಿಗೂ ಹೆಚ್ಚು.

2. ಹೆಚ್ಚುವರಿ ತೈಲ: ಹಳೇ ಬಾವಿಗೆ ಈ ಅನಿಲ ಒತ್ತಿದರೆ, ಬಿಸಿ ತಾಗಿದ ತುಪ್ಪದಂತೆ ಕಚ್ಚಾ ತೈಲ ತೆಳುವಾಗಿ ಹರಿಯುತ್ತೆ. ಟೆಕ್ಸಸ್‌ನಲ್ಲಿ ಇದು 1972ರಿಂದಲೇ ನಡೆದಿದೆ. ಹೀಗೆ ಬಳಸಿದ ಅನಿಲಕ್ಕೆ ಮೊದಲು 130 ಡಾಲರ್ ಇತ್ತು. 2025ರ ಕಾನೂನು ಹೊಸ ಘಟಕಗಳಿಗೆ ಅದನ್ನೂ 180ಕ್ಕೆ ಏರಿಸಿತು.

3. ಕ್ರೆಡಿಟ್ ಮಾರಾಟ: 2024ರಲ್ಲಿ ಮೈಕ್ರೋಸಾಫ್ಟ್ 5 ಲಕ್ಷ ಟನ್ ಕ್ರೆಡಿಟ್ ಕೊಳ್ಳಲು ಒಪ್ಪಿತು. ಆ ಅನಿಲವನ್ನು ತೈಲ ತೆಗೆಯಲು ಬಳಸುವಂತಿಲ್ಲ, ಉಪ್ಪುನೀರಿನ ಶಿಲಾಪದರದಲ್ಲೇ ಹೂಳಬೇಕು. ತಿಳಿದ ಗ್ರಾಹಕ ಷರತ್ತು ಹಾಕ್ತಾನೆ ಅನ್ನೋದನ್ನ ಗಮನಿಸಿ.

4. ಉದ್ಯಮದ ಉಳಿವು: ಈ ತಂತ್ರಜ್ಞಾನ ತೈಲೋದ್ಯಮವನ್ನು ಇನ್ನೂ ಹಲವು ದಶಕ ಉಳಿಸುತ್ತೆ ಎಂಬ ಅರ್ಥದ ಮಾತನ್ನು ಕಂಪನಿಯ ಮುಖ್ಯಸ್ಥೆ ವಿಕಿ ಹಾಲಬ್ 2023ರಲ್ಲಿ ಬಹಿರಂಗವಾಗಿಯೇ ಆಡಿದ್ರು.

ಈಗ ಕೂಡಿಸಿ ಕಳೆಯೋಣ. ಒಂದು ಬ್ಯಾರೆಲ್ ತೈಲ ಉರಿದರೆ ಸುಮಾರು 0.43 ಟನ್ ಇಂಗಾಲದ ಡೈಆಕ್ಸೈಡ್. ಜಗತ್ತು ದಿನಕ್ಕೆ ಸುಮಾರು 10 ಕೋಟಿ ಬ್ಯಾರೆಲ್ ಬಳಸುತ್ತೆ. ಅಂದ್ರೆ ಸ್ಟ್ರಾಟೋಸ್ ಪೂರ್ತಿ ಓಡಿದರೂ ಒಂದು ವರ್ಷದಲ್ಲಿ ತೆಗೆಯೋದು, ಜಗತ್ತು ಸುಮಾರು 17 ನಿಮಿಷ ತೈಲ ಉರಿಸಿ ಬಿಡುವಷ್ಟು ಮಾತ್ರ. ತಂತ್ರಜ್ಞಾನ ಸುಳ್ಳಲ್ಲ. ಆದ್ರೆ ತೈಲ ಉರಿಸೋದು ಕಡಿಮೆಯಾಗದಿದ್ದರೆ ಇದು ಒಡೆದ ಕೆರೆ ಏರಿಗೆ ಒಂದು ಬುಟ್ಟಿ ಮಣ್ಣು.

ನಮಗೇನು ಪಾಠ?

ಬಂಡೆಯಾಳದಲ್ಲಿ ಹೂತ ಅನಿಲ ಸಾವಿರಾರು ವರ್ಷ ಉಳಿಯಬಲ್ಲದು. ನಮ್ಮ ಮಣ್ಣಿನ, ಮರದ ಇಂಗಾಲ ಹಾಗಲ್ಲ. ಪದೇ ಪದೇ ಆಳ ಉಳುಮೆ, ಒಂದು ಬೆಂಕಿ ಸಾಕು, ವಾಪಸ್ ಗಾಳಿಗೆ. ಆ ಅಪಾಯ ನಮ್ಮ ತಲೆ ಮೇಲೆ ಬರಬಾರದು. ಅದಕ್ಕೆ ಸಹಿಗೆ ಮುಂಚೆ ಇಷ್ಟನ್ನು ಬರಹದಲ್ಲಿ ಕೇಳಿ:

* ಕೊನೆಗೆ ಕೊಳ್ಳುವವರು ಯಾರು? ಟನ್ನಿಗೆ ಎಷ್ಟು, ಅದರಲ್ಲಿ ನಮ್ಮ ಪಾಲೆಷ್ಟು?
* ಎಷ್ಟು ವರ್ಷದ ಒಪ್ಪಂದ? ಮರ ಸುಟ್ಟರೆ, ಜಮೀನು ಪಾಲಾದರೆ ಹೊಣೆ ಯಾರದು?
* ಯಾವ ಟನ್? 1 ಟನ್ ಇಂಗಾಲ ಅಂದ್ರೆ 3.67 ಟನ್ ಇಂಗಾಲದ ಡೈಆಕ್ಸೈಡ್. ಇಲ್ಲಿ ತಪ್ಪಿದ್ರೆ ಮುಕ್ಕಾಲು ಪಾಲು ದುಡ್ಡು ಹೋಯ್ತು.

ಉತ್ತರ ಸಿಗದಿದ್ದರೆ ಸಹಿ ಬೇಡ. ಕಾಂಪೋಸ್ಟ್, ಮುಚ್ಚಿಗೆ, ಹಸಿರೆಲೆ ಗೊಬ್ಬರ ಮಾತ್ರ ಬಿಡಬೇಡಿ. ಆ ಇಂಗಾಲ ಕ್ರೆಡಿಟ್ ಬಂದ್ರೂ ಬರದಿದ್ರೂ ನಮ್ಮ ಹೊಲದಲ್ಲಿ ತೇವ ಹಿಡಿದಿಡುತ್ತೆ.