ಆರ್ಜಿನೈನ್ ಪುಡಿ ಮತ್ತು ಆರದ ಉರಿಯೂತ

ಪ್ರಶ್ನೆ: ನನಗೆ 54 ವರ್ಷ. ಬಹಳ ಕಾಲದಿಂದ ಸಕ್ಕರೆ ಕಾಯಿಲೆ ಇದೆ. ಹಲ್ಲುಜ್ಜಿದರೆ ಒಸಡಿನಲ್ಲಿ ರಕ್ತ ಬರುತ್ತದೆ. ಹೋದ ತಿಂಗಳು ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದಾರೆ. ಜಿಮ್‌ಗೆ ಹೋಗುವ ಮಗ ಆರ್ಜಿನೈನ್ ಪುಡಿಯ ಡಬ್ಬಿ ತಂದಿದ್ದಾನೆ. ಅದರಿಂದ ನೈಟ್ರಿಕ್ ಆಕ್ಸೈಡ್ ಹೆಚ್ಚಿ ರಕ್ತನಾಳ ಹಿಗ್ಗುತ್ತದಂತೆ. ಕುಡಿಯಬಹುದೇ?

ಉತ್ತರ: ದಯವಿಟ್ಟು ಕುಡಿಯಬೇಡಿ. ನಿಮ್ಮ ಮಗನ ಮಾತಿನಲ್ಲಿ ಅರ್ಧ ನಿಜವಿದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಆರ್ಜಿನೈನ್ ಒಂದು ಅಮೈನೋ ಆಮ್ಲ. ಬೇಳೆ, ಕಡಲೆಕಾಯಿ, ಎಳ್ಳು, ಮೀನು, ಮೊಟ್ಟೆಗಳಲ್ಲಿ ಸಿಗುತ್ತದೆ. ಮೂತ್ರಪಿಂಡಗಳೂ ಅದನ್ನು ತಯಾರಿಸುತ್ತವೆ. ರಕ್ತನಾಳದ ಒಳಪದರದಲ್ಲಿರುವ ಕಿಣ್ವವೊಂದು ಇದನ್ನು ಬಳಸಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಅತಿ ಸಣ್ಣ ಪ್ರಮಾಣದಲ್ಲಿ ಬಿಡುತ್ತಿರುತ್ತದೆ. ನಾಳದ ಸ್ನಾಯುವನ್ನು ಸಡಿಲಿಸಿ, ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳದಂತೆ ಕಾಯುವುದು ಈ ಅನಿಲ. ಇದರ ಸಂಶೋಧನೆಗಾಗಿ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಬಂತು. ಎದೆನೋವಿಗೆ ನಾಲಿಗೆಯಡಿ ಇಡುವ ಮಾತ್ರೆ ಕೆಲಸ ಮಾಡುವುದೂ ಇದೇ ಅನಿಲದ ಮೂಲಕ.

ಉರಿಯೂತ ಹೊಕ್ಕಾಗ ಈ ವ್ಯವಸ್ಥೆ ಕೆಡುತ್ತದೆ. ಆರ್ಜಿನೈನ್ ಕೆರೆಯಾದರೆ ಅದಕ್ಕೆ ಎರಡು ತೂಬು. ಒಂದರಲ್ಲಿ ನೈಟ್ರಿಕ್ ಆಕ್ಸೈಡ್. ಇನ್ನೊಂದರಲ್ಲಿ ಆರ್ಜಿನೇಸ್ ಎಂಬ ಕಿಣ್ವ ಕುಳಿತು ಆರ್ಜಿನೈನನ್ನು ಯೂರಿಯಾ ಮತ್ತು ಆರ್ನಿಥಿನ್ ಆಗಿ ಒಡೆಯುತ್ತದೆ. ಗಾಯ ಮಾಯಲು ಬೇಕಾದ ಕೊಲಾಜನ್‌ಗೆ ಆರ್ನಿಥಿನ್ ಕಚ್ಚಾವಸ್ತು, ಹಾಗಾಗಿ ಈ ತೂಬೂ ನಮಗೆ ಬೇಕು. ಆದರೆ ಸಕ್ಕರೆ ಕಾಯಿಲೆಯಲ್ಲಿ, ದೀರ್ಘಕಾಲದ ಉರಿಯೂತದಲ್ಲಿ ಆರ್ಜಿನೇಸ್ ಅತಿಯಾಗುತ್ತದೆ. ಸಾಲದೆಂಬಂತೆ, ಒಳಪದರದ ಕಿಣ್ವಕ್ಕೆ ಬೇಕಾದ ಸಹಾಯಕ ಅಣುಗಳೂ ಹಾಳಾಗುತ್ತವೆ. ಆಗ ಅದೇ ಕಿಣ್ವ ನೈಟ್ರಿಕ್ ಆಕ್ಸೈಡ್ ಬದಲು ಸೂಪರಾಕ್ಸೈಡ್ ಉತ್ಪಾದಿಸುತ್ತದೆ. ಸೂಪರಾಕ್ಸೈಡ್ ಅಳಿದುಳಿದ ನೈಟ್ರಿಕ್ ಆಕ್ಸೈಡ್ ಜೊತೆ ಕೂಡಿದರೆ ಪೆರಾಕ್ಸಿನೈಟ್ರೈಟ್. ಅದು ಜೀವಕೋಶಗಳನ್ನು ಸುಡುವಂಥದ್ದು. ಇಂಥ ಕಿಣ್ವಕ್ಕೆ ಇನ್ನಷ್ಟು ಆರ್ಜಿನೈನ್ ಸುರಿದರೆ ಏನು ಪ್ರಯೋಜನ?

ಇದು ಬರಿಯ ತರ್ಕವಲ್ಲ. ಅಮೆರಿಕದಲ್ಲಿ ಹೃದಯಾಘಾತವಾದ 153 ಮಂದಿಯ ಮೇಲೆ ನಡೆದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಂದಿಗೆ ದಿನಕ್ಕೆ ಮೂರು ಸಲ 3 ಗ್ರಾಂ ಆರ್ಜಿನೈನ್, ಉಳಿದವರಿಗೆ ಔಷಧವಿಲ್ಲದ ಗುಳಿಗೆ. ರಕ್ತನಾಳದ ಬಿಗಿತವೂ ತಗ್ಗಲಿಲ್ಲ, ಹೃದಯದ ಶಕ್ತಿಯೂ ಹೆಚ್ಚಲಿಲ್ಲ. ಆರ್ಜಿನೈನ್ ಪಡೆದವರಲ್ಲಿ ಆರು ಮಂದಿ ತೀರಿಕೊಂಡರು, ಇನ್ನೊಂದು ಗುಂಪಿನಲ್ಲಿ ಯಾರೂ ಇಲ್ಲ. ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ನಿಮ್ಮದು ಆ ರೋಗಿಗಳದ್ದೇ ಸ್ಥಿತಿ.

ನೀವು ಪುಡಿಯ ಬಗ್ಗೆ ಕೇಳಿದ್ದೀರಿ. ನನಗೆ ನಿಮ್ಮ ಒಸಡಿನದೇ ಚಿಂತೆ. ಲಂಡನ್ನಿನ ವೈದ್ಯರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀವ್ರ ಒಸಡುರೋಗವಿದ್ದ 120 ಜನರ ಪೈಕಿ ಕೆಲವರಿಗೆ ಒಸಡಿನ ಸಮಗ್ರ ಚಿಕಿತ್ಸೆ ಮಾಡಿದರು. ಮರುದಿನ ರಕ್ತನಾಳ ಹಿಗ್ಗುವ ಶಕ್ತಿ ಇನ್ನಷ್ಟು ಕುಗ್ಗಿತ್ತು, ಏಕೆಂದರೆ ಚಿಕಿತ್ಸೆಯೇ ತಾತ್ಕಾಲಿಕ ಉರಿಯೂತ ಎಬ್ಬಿಸಿತ್ತು. ಆರು ತಿಂಗಳ ಹೊತ್ತಿಗೆ ಅದು ಸಾಮಾನ್ಯ ಚಿಕಿತ್ಸೆ ಪಡೆದವರಿಗಿಂತ ಸ್ಪಷ್ಟವಾಗಿ ಉತ್ತಮವಾಗಿತ್ತು. ಬಾಯಿಯ ಉರಿಯೂತ ಇಳಿದಾಗ ತೋಳಿನ ರಕ್ತನಾಳ ಚೇತರಿಸಿಕೊಂಡಿತು! ಹೃದ್ರೋಗ ತಜ್ಞರ ಒಪ್ಪಿಗೆ ಪಡೆದು ದಂತವೈದ್ಯರನ್ನು ನೋಡಿ. ರಕ್ತ ತೆಳುಮಾಡುವ ಮಾತ್ರೆಗಳನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ಸ್ಟೆಂಟ್ ಮುಚ್ಚಿಹೋದೀತು. ಬೀಡಿ, ಸಿಗರೇಟು ಇದ್ದರೆ ಇಂದೇ ಬಿಡಿ. ಊಟದಲ್ಲಿನ ಬೇಳೆ, ಕಡಲೆಕಾಯಿಗೆ ಹೆದರಬೇಕಿಲ್ಲ.

ಪ್ರಶ್ನೆ: ಒಂಬತ್ತು ವರ್ಷದ ಮಗಳಿಗೆ ಆಸ್ತಮಾ. ಉಸಿರಿನ ಪರೀಕ್ಷೆಯಲ್ಲಿ ನೈಟ್ರಿಕ್ ಆಕ್ಸೈಡ್ 62 ಬಂದಿದೆ, ಹೆಚ್ಚು ಎಂದರು. ಅದು ಒಳ್ಳೆಯ ಅನಿಲವಲ್ಲವೇ?

ಉತ್ತರ: ಎಲ್ಲಿ, ಎಷ್ಟು, ಯಾವ ಕಿಣ್ವದಿಂದ ಹುಟ್ಟಿತು ಎಂಬುದರ ಮೇಲೆ ಅದರ ಗುಣ. ಅಲರ್ಜಿಯ ಉರಿಯೂತವಿದ್ದಾಗ ಶ್ವಾಸನಾಳದ ಒಳಪದರದಲ್ಲಿ ಬೇರೊಂದು ಕಿಣ್ವ ಎಚ್ಚೆತ್ತು ಈ ಅನಿಲವನ್ನು ವಿಪರೀತ ಹೊರಬಿಡುತ್ತದೆ. ಮಕ್ಕಳಲ್ಲಿ 35 ಪಿಪಿಬಿ ದಾಟಿದರೆ ಅಂಥ ಉರಿಯೂತವಿದೆ ಎಂದು ತಿಳಿಯುತ್ತೇವೆ. ಜೊತೆಗೆ ಆಸ್ತಮಾದಲ್ಲಿ ಆರ್ಜಿನೇಸ್ ಕೂಡ ಏರಿರುತ್ತದೆ. ಶ್ವಾಸನಾಳವನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡ್ ಅದರಿಂದ ಕಡಿಮೆಯಾಗುತ್ತದೆ. ಅನಿಲವನ್ನೇ ತಡೆದರೆ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ರಕ್ತದ ನಂಜಿನಲ್ಲಿ ಒತ್ತಡ ಕುಸಿಯಲು ಈ ಅನಿಲವೂ ಒಂದು ಕಾರಣವೆಂದು ಅದರ ಉತ್ಪಾದನೆ ತಡೆಯುವ ಔಷಧ ಕೊಟ್ಟು ನೋಡಿದರು. ಒತ್ತಡ ಏರಿತು, ಸಾವೂ ಹೆಚ್ಚಿತು.

ಮಗಳಿಗೆ ಬೇಕಾದದ್ದು ಉರಿಯೂತ ಇಳಿಸುವ ಸ್ಟೆರಾಯ್ಡ್ ಇನ್‌ಹೇಲರ್. ‘ಚಟವಾಗುತ್ತದೆ’ ಎಂಬ ನೆರೆಹೊರೆಯ ಮಾತು ಕೇಳಿ ನಿಲ್ಲಿಸಬೇಡಿ. ಸ್ಪೇಸರ್ ಬಳಸಿ, ಬಳಿಕ ಬಾಯಿ ಮುಕ್ಕಳಿಸಲು ಕಲಿಸಿ. ಈಗಾಗಲೇ ಬಳಸುತ್ತಿದ್ದೂ ಅಂಕಿ ಇಳಿಯದಿದ್ದರೆ, ಅವಳು ಸರಿಯಾಗಿ ಎಳೆದುಕೊಳ್ಳುತ್ತಾಳೆಯೇ ಎಂದು ವೈದ್ಯರ ಎದುರಿಗೇ ಮಾಡಿಸಿ ನೋಡಿ.

ಪ್ರಶ್ನೆ: ಏಳು ತಿಂಗಳ ಗರ್ಭಿಣಿ. ಮಗುವಿನ ಬೆಳವಣಿಗೆ ಕಡಿಮೆ ಎಂದು ಆರ್ಜಿನೈನ್ ಸ್ಯಾಶೆ ಬರೆದುಕೊಟ್ಟಿದ್ದಾರೆ. ಅಪಾಯವೇ?

ಉತ್ತರ: ಮೇಲೆ ಹೇಳಿದ ಸಾವುಗಳು ಹೃದಯಾಘಾತವಾದ ಹಿರಿಯರಲ್ಲಿ ಆದವು; ಅದನ್ನು ನಿಮಗೆ ಅನ್ವಯಿಸಬೇಡಿ. ಗರ್ಭಚೀಲಕ್ಕೆ ರಕ್ತ ಹೆಚ್ಚಲಿ ಎಂಬ ಆಸೆಯಿಂದ ಇದನ್ನು ಕೊಡುತ್ತಾರೆ, ಆದರೆ ಪುರಾವೆ ಗಟ್ಟಿಯಾಗಿಲ್ಲ. ನೀವಾಗಿ ನಿಲ್ಲಿಸದೆ ವೈದ್ಯರ ಜೊತೆ ಮಾತಾಡಿ. ಸ್ಯಾಶೆ ಕುಡಿಯುತ್ತಿದ್ದೇನೆಂದು ಡಾಪ್ಲರ್ ಸ್ಕ್ಯಾನ್ ತಪ್ಪಿಸಬೇಡಿ. ಮಗುವಿನ ಮಿಸುಕಾಟ ಕಡಿಮೆಯಾದರೆ, ತಲೆನೋವು, ಮುಖದ ಊತ, ಕಣ್ಣು ಮಂಜಾಗುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.