ಕಾಲು ಸೋತರೂ ಬೆಟ್ಟದ ರೈಲು ಹತ್ತಬಹುದು

"ನೀವೆಲ್ಲ ಹೋಗಿ ಬನ್ನಿ, ನಾನು ಇಲ್ಲೇ ಕೂತಿರ್ತೀನಿ." ಮೊಣಕಾಲು ನೋವಿನ ಹಿರಿಯರಿರುವ ಮನೆಗಳಲ್ಲಿ ಈ ಮಾತು ಹೊಸದಲ್ಲ. ದೇವಸ್ಥಾನದ ಮೆಟ್ಟಿಲ ಬುಡದಲ್ಲಿ, ಮದುವೆ ಛತ್ರದ ಮಹಡಿಯ ಕೆಳಗೆ ಇದನ್ನು ನೀವೂ ಕೇಳಿರುತ್ತೀರಿ. ಬಹುಶಃ ನೀವೇ ಆಡಿರುತ್ತೀರಿ.

ಇತ್ತೀಚೆಗೆ ಎಪ್ಪತ್ತು ದಾಟಿದ ತಾಯಿಯೊಬ್ಬರು ಬಂದಿದ್ದರು. ಎರಡೂ ಮೊಣಕಾಲುಗಳ ಸವೆತ, ಕೈಯಲ್ಲಿ ಊರುಗೋಲು. ಅಮೆರಿಕದಲ್ಲಿರುವ ಮಗಳು ಬೇಸಿಗೆಗೆ ಕರೆಸಿಕೊಂಡು, ಅಲಾಸ್ಕದ ಕಡೆಗೆ ಹಡಗಿನ ಪ್ರವಾಸಕ್ಕೆ ಟಿಕೆಟ್ ತೆಗೆದಿದ್ದಾಳೆ. "ಹಡಗಿನಲ್ಲಿ ಹೇಗೋ ಇದ್ದುಬಿಡ್ತೀನಿ ಡಾಕ್ಟ್ರೇ. ನಡುವೆ ಒಂದು ದಿನ ಬೆಟ್ಟದ ರೈಲಿಗೆ ಹೋಗೋದಿದೆಯಂತೆ. ಅದು ನನ್ನ ಕೈಲಾಗೋದಿಲ್ಲ, ಅಲ್ವಾ?" ಎಂದರು. ಪ್ರಶ್ನೆಯಲ್ಲೇ ಉತ್ತರವನ್ನೂ ಸೇರಿಸಿಕೊಂಡು ಬಂದಿದ್ದರು.

ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಇಂಥ ಪ್ರವಾಸದಲ್ಲಿ ಕೇಳಿಕೊಳ್ಳಬೇಕಾದ್ದು "ಎಷ್ಟು ದೂರ?" ಎಂದಲ್ಲ, "ಎಷ್ಟು ಮೆಟ್ಟಿಲು, ಎಲ್ಲೆಲ್ಲಿ?" ಎಂದು.

ಯಾವುದು ಈ ರೈಲು?

ಅಲಾಸ್ಕದ ಸ್ಕಾಗ್ವೆ ಎಂಬ ಪುಟ್ಟ ಬಂದರಿನಿಂದ ಹೊರಡುವ ಈ ಮಾರ್ಗದ ಹೆಸರು ವೈಟ್ ಪಾಸ್ ಅಂಡ್ ಯೂಕಾನ್. ಕ್ಲಾಂಡೈಕ್‌ನ ಚಿನ್ನದ ಬೇಟೆಯ ಕಾಲದಲ್ಲಿ, 1898ರಲ್ಲಿ ಕೆಲಸ ಆರಂಭಿಸಿ 1900ರಲ್ಲಿ ಪೂರ್ಣಗೊಳಿಸಿದ್ದು. 1982ರಲ್ಲಿ ನಿಂತುಹೋಗಿ, 1988ರಿಂದ ಪ್ರವಾಸಿಗರಿಗಾಗಿ ಮತ್ತೆ ಓಡತೊಡಗಿತು. ಹಳಿಗಳ ನಡುವಿನ ಅಂತರ ಮೂರೇ ಅಡಿ; ನಮ್ಮ ಊಟಿ ರೈಲಿನ ಹಳಿಗಿಂತಲೂ ತುಸು ಕಿರಿದು. ಸುಮಾರು 20 ಮೈಲಿಯಲ್ಲಿ 2,860 ಅಡಿಗಳಷ್ಟು ಏರಿ, ಸುರಂಗ, ಜಲಪಾತ, ಕಮರಿಗಳನ್ನು ದಾಟಿ, ಕೆನಡಾದ ಗಡಿಯ ಬಳಿಯ ಕಣಿವೆದಾರಿಯ ನೆತ್ತಿಯನ್ನು ಮುಟ್ಟಿ ಹಿಂದಿರುಗುತ್ತದೆ. ಹೋಗಿಬರಲು ಎರಡೂವರೆಯಿಂದ ಮೂರು ಗಂಟೆ.

"ಅಷ್ಟು ಎತ್ತರದಲ್ಲಿ ಉಸಿರು ಕಟ್ಟುವುದಿಲ್ಲವೇ?" ಎಂದು ಕೆಲವರು ಹೆದರುತ್ತಾರೆ. ಬೆಂಗಳೂರು ಇರುವುದೇ ಸುಮಾರು 3,000 ಅಡಿ ಎತ್ತರದಲ್ಲಿ! ಎತ್ತರದಿಂದ ತೊಂದರೆಯಿಲ್ಲ. ಚಳಿಗಾಳಿಗೆ ಮಾತ್ರ ಸಿದ್ಧರಾಗಿರಬೇಕು.

ಮೊಣಕಾಲು ನೋವಿನವರಿಗೆ ಇದರ ದೊಡ್ಡ ಅನುಕೂಲವೆಂದರೆ, ನೆತ್ತಿಯವರೆಗೆ ಹೋಗಿಬರುವ ಪ್ರವಾಸದಲ್ಲಿ ನಡುವೆ ಎಲ್ಲೂ ಇಳಿಯಬೇಕಿಲ್ಲ. ನೋಡಬೇಕಾದ್ದೆಲ್ಲ ಕಿಟಕಿಯ ಹೊರಗಿದೆ.

ಕಷ್ಟ ಇರುವುದು ಎಲ್ಲಿ?

ಮೂರು ಕಡೆ. ಮೊದಲನೆಯದು, ಹಡಗಿನಿಂದ ದಡಕ್ಕೆ ಇಳಿಯುವ ಹಲಗೆ. ಅಲ್ಲಿ ಕಡಲಿನ ಉಬ್ಬರವಿಳಿತ ಹೆಚ್ಚು. ಹಡಗು ಏರಿ ಇಳಿದಂತೆ ಹಲಗೆಯ ಇಳಿಜಾರೂ ಬದಲಾಗುತ್ತದೆ. ಬೆಳಿಗ್ಗೆ ಸಲೀಸಾಗಿದ್ದದ್ದು ಮಧ್ಯಾಹ್ನ ಕಡಿದಾಗಿರಬಹುದು. ಹಡಗು ಕಟ್ಟೆಗೆ ತಾಗದೆ ದೂರದಲ್ಲಿ ನಿಂತು ಸಣ್ಣ ದೋಣಿಯಲ್ಲಿ ದಡ ಸೇರಿಸುವ ಸಂದರ್ಭವಿದ್ದರೆ ಇನ್ನೂ ಕಷ್ಟ.

ಎರಡನೆಯದು, ರೈಲಿನ ಮೆಟ್ಟಿಲು. ಹಳೆಯ ಮಾದರಿಯ ಬೋಗಿಗಳಾದ್ದರಿಂದ ಮೆಟ್ಟಿಲುಗಳು ಕಡಿದು, ಒಳಗಿನ ದಾರಿ ಕಿರಿದು. ಗಾಲಿಕುರ್ಚಿಯನ್ನು ಮೇಲೆತ್ತುವ ಯಂತ್ರದ ಸೌಲಭ್ಯವಿದೆ. ಆದರೆ ಎಲ್ಲ ಬೋಗಿಗಳಿಗೂ ಇಲ್ಲ. ಮೊದಲೇ ತಿಳಿಸಿದವರಿಗಷ್ಟೇ ಖಚಿತ.

ಮೂರನೆಯದು, ಕೂತು ಏಳುವುದು. ಸವೆದ ಕೀಲು ಗಂಟೆಗಟ್ಟಲೆ ಮಡಿಸಿಕೊಂಡಿದ್ದರೆ ಬಿಗಿಯುತ್ತದೆ. ಎದ್ದಾಗಿನ ಮೊದಲ ಐದಾರು ಹೆಜ್ಜೆಗಳಲ್ಲೇ ಹೆಚ್ಚು ಜನ ಎಡವುವುದು.

ಟಿಕೆಟಿಗೆ ಮುನ್ನ ಕೇಳಬೇಕಾದ್ದು

ಈ ಕೆಲಸ ಮಕ್ಕಳದು. ನಾಚಿಕೆಪಡದೆ ಇವಿಷ್ಟನ್ನು ಕೇಳಿ ತಿಳಿದುಕೊಳ್ಳಿ:

1. ಹಡಗು ಕಟ್ಟೆಗೆ ತಾಗಿ ನಿಲ್ಲುತ್ತದೆಯೇ? ಅಲ್ಲಿಂದ ರೈಲಿಗೆ ಎಷ್ಟು ನಡೆಯಬೇಕು? ವಾಹನ ಸಿಗುತ್ತದೆಯೇ?

2. ಮೇಲೆತ್ತುವ ಯಂತ್ರವಿರುವ ಬೋಗಿಯಲ್ಲೇ ಜಾಗ ಸಿಗುತ್ತದೆಯೇ? ಗಾಲಿಕುರ್ಚಿಯಲ್ಲೇ ಕೂತಿರಬಹುದೇ, ಇಲ್ಲ ಆಸನಕ್ಕೆ ಬದಲಾಯಿಸಿಕೊಳ್ಳಬೇಕೇ? ಕುರ್ಚಿಯ ಅಗಲ, ತೂಕಕ್ಕೆ ಮಿತಿ ಇದೆಯೇ?

3. ಪ್ರವಾಸ ಪೂರ್ತಿ ರೈಲಿನಲ್ಲೋ, ಒಂದು ದಿಕ್ಕಿಗೆ ಬಸ್ಸಿನಲ್ಲೋ? ಬಸ್ಸಿದ್ದರೆ ಮತ್ತೊಂದು ಸಲ ಹತ್ತಿ ಇಳಿಯಬೇಕು. ಕೆನಡಾದ ಒಳಗೆ ಹೋಗುವ ದೀರ್ಘ ಪ್ರವಾಸಕ್ಕೆ ಪಾಸ್‌ಪೋರ್ಟ್, ವೀಸಾ ಕೂಡ ಬೇಕು. ಕಾಲು ಸೋತವರಿಗೆ ನೆತ್ತಿಯವರೆಗಿನ ರೈಲೇ ಒಳ್ಳೆಯದು.

4. ಶೌಚಾಲಯ ಎಲ್ಲಿದೆ? ರೈಲಿನೊಳಗೆ ಇದೆ, ಆದರೆ ಗಾಲಿಕುರ್ಚಿ ಅದರೊಳಗೆ ಹೋಗುತ್ತದೆಯೇ ಎಂದು ವಿಚಾರಿಸಿ. ಹೊರಡುವ ಮುನ್ನ ಹಡಗಿನಲ್ಲೇ ಮುಗಿಸಿಕೊಂಡರೆ ಕ್ಷೇಮ.

ಸಾಧ್ಯವಾದರೆ ಹಡಗಿನವರ ಮೂಲಕವೇ ಈ ಪ್ರವಾಸವನ್ನು ಗೊತ್ತುಮಾಡಿ. ತಾವೇ ಏರ್ಪಡಿಸಿದ ಪ್ರವಾಸ ತಡವಾದರೆ ಹಡಗಿನವರು ಸಾಮಾನ್ಯವಾಗಿ ಕಾಯುತ್ತಾರೆ. ಸ್ವಂತವಾಗಿ ಹೋದವರಿಗೆ ಆ ಭರವಸೆ ಇಲ್ಲ. ನಿಧಾನವಾಗಿ ನಡೆಯುವವರು ಗಡಿಯಾರ ನೋಡಿ ಓಡುವಂತಾಗಬಾರದು. ಬೀಳುವುದು ಆಗಲೇ.

ಮನೆಯಲ್ಲೇ ಒಂದು ಪರೀಕ್ಷೆ

ನಿಮ್ಮೂರಿನ ಬಸ್ ನಿಲ್ದಾಣಕ್ಕೆ ಹೋಗಿ. ನಿಂತಿರುವ ಬಸ್ಸಿನ ಮೆಟ್ಟಿಲನ್ನು, ಕಂಬಿ ಹಿಡಿದು, ಇನ್ನೊಬ್ಬರು ಹಿಂದೆ ನಿಂತಿರುವಾಗ ಹತ್ತಿ ಇಳಿಯಿರಿ. ಇದು ಆದರೆ ರೈಲಿನ ಮೆಟ್ಟಿಲೂ ಬಹುಮಟ್ಟಿಗೆ ಆಗುತ್ತದೆ. ಆಗದಿದ್ದರೆ ಯಂತ್ರದ ಸಹಾಯವನ್ನು ಮೊದಲೇ ಕೇಳಿ. ಅಲ್ಲಿ ಹೋಗಿ ತಿಳಿಯುವುದಕ್ಕಿಂತ ಇಲ್ಲೇ ತಿಳಿಯುವುದು ಮೇಲು.

ಹೊರಡಲು ಆರೆಂಟು ವಾರ ಇರುವಾಗಲೇ ತೊಡೆಯ ಸ್ನಾಯುಗಳನ್ನು ಗಟ್ಟಿ ಮಾಡಿಕೊಳ್ಳಿ. ಕುರ್ಚಿಯ ಮೇಲೆ ಕೂತು ಒಂದು ಕಾಲನ್ನು ನೇರವಾಗಿ ಚಾಚಿ, ಐದು ಎಣಿಸುವವರೆಗೆ ಹಿಡಿದು ಇಳಿಸಿ. ಪ್ರತಿ ಕಾಲಿಗೆ ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಬಳಿಕ ಗಟ್ಟಿಯಾದ ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸ. ಮೊದಲು ಕೈ ಊರಿ, ಆಮೇಲೆ ಸಾಧ್ಯವಾದಷ್ಟು ಕೈ ಊರದೆ. ಮಾರನೆಯ ದಿನವೂ ನೋವು ಹೆಚ್ಚಾಗಿಯೇ ಇದ್ದರೆ ಪ್ರಮಾಣ ಕಡಿಮೆ ಮಾಡಿ, ವೈದ್ಯರನ್ನು ಕೇಳಿ.

ಮೆಟ್ಟಿಲಿನ ನಿಯಮವನ್ನು ಬಾಯಿಪಾಠ ಮಾಡಿ: ಏರುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ. ಊರುಗೋಲು ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿರಲಿ. ಅದರ ತುದಿಯ ರಬ್ಬರ್ ಸವೆದಿದ್ದರೆ ಹೊಸದು ಹಾಕಿಸಿ. ಅಲಾಸ್ಕದ ಆ ಕರಾವಳಿಯಲ್ಲಿ ಮಳೆ ಮಾಮೂಲು, ಒದ್ದೆ ಹಲಗೆ ಜಾರುತ್ತದೆ.

ರೈಲಿನೊಳಗೆ

ಇಪ್ಪತ್ತು ನಿಮಿಷಕ್ಕೊಮ್ಮೆ ಕೂತಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸಿ, ಮೊಣಕಾಲು ಚಾಚಿ ಮಡಿಸಿ. ಏಳುವ ಮುನ್ನ ಹತ್ತು ಸಲ ಹೀಗೆ ಮಾಡಿ, ಎದ್ದು ಒಂದು ನಿಮಿಷ ನಿಂತು, ಆಮೇಲೆ ಹೆಜ್ಜೆಯಿಡಿ.

ನೆತ್ತಿ ತಲುಪಿದ ಮೇಲೆ ಎರಡೂ ಬದಿಯವರಿಗೆ ಕಣಿವೆ ಕಾಣಲೆಂದು ಪ್ರಯಾಣಿಕರು ಪಕ್ಕ ಬದಲಾಯಿಸಿಕೊಳ್ಳುವ ರೂಢಿಯಿದೆ. ನಿಮಗೆ ಕಷ್ಟವೆಂದು ಸಿಬ್ಬಂದಿಗೆ ಮೊದಲೇ ಹೇಳಿಡಿ. ಬದಲಾಯಿಸುವುದಾದರೆ ರೈಲು ನಿಂತಿರುವಾಗಲೇ ಮಾಡಿ. ಬೋಗಿಯ ತುದಿಯಲ್ಲಿ ಹೊರಗೆ ನಿಂತು ನೋಡುವ ಕಟ್ಟೆಗಳಿವೆ. ಫೋಟೋದ ಆಸೆಗೆ ಓಡುವ ರೈಲಿನಲ್ಲಿ ಊರುಗೋಲು ಹಿಡಿದು ಅಲ್ಲಿಗೆ ಹೋಗುವುದು ಬೇಡ. ಆ ಕೆಲಸ ಮೊಮ್ಮಕ್ಕಳಿಗಿರಲಿ.

ಔಷಧಿಗಳ ವಿಚಾರ

ಮೂತ್ರಕ್ಕೆ ಹೋಗುವ ತೊಂದರೆ ತಪ್ಪಿಸಲು ಕೆಲವರು ರಕ್ತದೊತ್ತಡದ ಮಾತ್ರೆ ಬಿಡುತ್ತಾರೆ, ನೀರೂ ಕುಡಿಯುವುದಿಲ್ಲ. ಎರಡೂ ತಪ್ಪು. ಮೂತ್ರ ಹೆಚ್ಚಿಸುವ ಮಾತ್ರೆಯ ಹೊತ್ತನ್ನು ಆ ದಿನ ಬದಲಿಸಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ.

"ಇವತ್ತೊಂದು ದಿನ" ಎಂದು ನೋವಿನ ಮಾತ್ರೆಯನ್ನು ಎರಡರಷ್ಟು ನುಂಗಬೇಡಿ. ಹೊಟ್ಟೆಯಲ್ಲಿ ರಕ್ತಸ್ರಾವ, ಮೂತ್ರಪಿಂಡಕ್ಕೆ ಪೆಟ್ಟು, ರಕ್ತದೊತ್ತಡದ ಏರಿಕೆ, ಮೂರಕ್ಕೂ ಇದು ದಾರಿ. ಹಡಗಿನಲ್ಲಿ ವಾಂತಿ ತಡೆಯಲು ಕೊಡುವ ಅನೇಕ ಮಾತ್ರೆಗಳು ಮಂಪರು ತರಿಸುತ್ತವೆ. ವಯಸ್ಸಾದವರಲ್ಲಿ ತೂಕಡಿಕೆ, ಗೊಂದಲ ಉಂಟಾಗಿ ಬೀಳುವ ಸಂಭವ ಹೆಚ್ಚು. ಪ್ರಾಸ್ಟೇಟ್ ತೊಂದರೆಯಿರುವ ಗಂಡಸರಿಗೆ ಮೂತ್ರ ಕಟ್ಟಲೂಬಹುದು. ಕೇಳದೆ ನುಂಗಬೇಡಿ.

ಸಕ್ಕರೆ ಕಾಯಿಲೆಯವರು ತಿಂಡಿ, ಸಕ್ಕರೆ ಎರಡನ್ನೂ ಕೈಚೀಲದಲ್ಲಿಟ್ಟುಕೊಳ್ಳಿ. ಹೊಸ ಬೂಟನ್ನು ಅಲ್ಲೇ ಮೊದಲ ಬಾರಿ ಹಾಕಬೇಡಿ.

ಭಾರತದಿಂದ ಹೋಗುವ ದೀರ್ಘ ವಿಮಾನ ಪ್ರಯಾಣದ ಬಳಿಕ ಒಂದು ಕಾಲಿನ ಮೀನಖಂಡ ಊದಿಕೊಂಡು ನೋಯುತ್ತಿದ್ದರೆ ಅದನ್ನು ಹಳೆಯ ಮೊಣಕಾಲು ನೋವೆಂದು ತಳ್ಳಿಹಾಕಬೇಡಿ, ತಿಕ್ಕಲೂಬೇಡಿ. ರಕ್ತ ಹೆಪ್ಪುಗಟ್ಟಿರಬಹುದು. ತಕ್ಷಣ ವೈದ್ಯರಿಗೆ ತೋರಿಸಿ. ಜೊತೆಗೆ ಎದೆನೋವು, ಉಸಿರಾಟದ ಕಷ್ಟ ಬಂದರೆ ತುರ್ತು ಚಿಕಿತ್ಸೆಯೇ ಬೇಕು. ಈಚೆಗೆ ಹೃದಯಾಘಾತವಾದವರು, ಕೀಲಿನ ಶಸ್ತ್ರಚಿಕಿತ್ಸೆ ಆದವರು, ಎದ್ದು ನಿಂತರೆ ತಲೆ ಸುತ್ತುವವರು ವೈದ್ಯರ ಒಪ್ಪಿಗೆಯಿಲ್ಲದೆ ಹೊರಡಬಾರದು.

ಕೊನೆಯ ಮೆಟ್ಟಿಲು

ಆ ತಾಯಿಗೆ ಇದೆಲ್ಲ ಅರ್ಥವಾಯಿತು. ಆದರೂ ಮುಖದಲ್ಲಿ ಅಳುಕು. "ಎಲ್ಲರ ಎದುರು ಗಾಲಿಕುರ್ಚಿಯಲ್ಲಿ ಕೂತ್ಕೋಬೇಕಲ್ಲ ಡಾಕ್ಟ್ರೇ, ನಾನೇನು ಹಾಸಿಗೆ ಹಿಡಿದಿದ್ದೀನಾ?"

ಕನ್ನಡಕ ಹಾಕಿಕೊಂಡವರನ್ನು ಯಾರೂ ಕುರುಡರೆನ್ನುವುದಿಲ್ಲ. ಗಾಲಿಕುರ್ಚಿಯೂ ಹಾಗೆಯೇ. ಹಡಗಿನಿಂದ ರೈಲಿನವರೆಗೆ ಕುರ್ಚಿಯಲ್ಲಿ ಹೋದರೆ, ಉಳಿಸಿದ ಆ ಶಕ್ತಿ ಮೆಟ್ಟಿಲು ಹತ್ತಲು ಸಿಗುತ್ತದೆ. ಹಟ ಹಿಡಿದು ನಡೆದು, ದಣಿದ ಕಾಲಿನಲ್ಲಿ ಮೆಟ್ಟಿಲಿಗೆ ಬಂದರೆ ಬೀಳುವ ಅಪಾಯ. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಕಳೆದುಹೋಗುವುದು ಒಂದು ಪ್ರವಾಸವಲ್ಲ, ಮುಂದಿನ ಓಡಾಟವೆಲ್ಲ.

ಮಕ್ಕಳಿಗೂ ಒಂದು ಮಾತು. "ಅಮ್ಮ, ನಿನ್ನಿಂದ ಆಗುತ್ತಾ?" ಎಂದು ಕೇಳಬೇಡಿ; "ಇಲ್ಲ" ಎನ್ನುವುದು ಅವರಿಗೆ ರೂಢಿಯಾಗಿಬಿಟ್ಟಿದೆ. "ಅಮ್ಮ, ಎಲ್ಲಾ ಕೇಳಿ ಗೊತ್ತುಮಾಡಿದ್ದೀನಿ. ಮೆಟ್ಟಿಲಿಗೆ ಯಂತ್ರ ಇದೆ, ಕಿಟಕಿ ಪಕ್ಕ ಜಾಗ ಇದೆ" ಎನ್ನಿ. ಹೇಗಿದ್ದರೂ ಅವರು ಕೂತೇ ಇರುವವರು. ಆ ಮೂರು ಗಂಟೆ ಹಡಗಿನ ಕೋಣೆಯಲ್ಲಿ ಒಬ್ಬರೇ ಕೂರುವ ಬದಲು, ನಿಮ್ಮೆಲ್ಲರ ನಡುವೆ ಬೆಟ್ಟ ನೋಡುತ್ತ ಕೂರಲಿ.